ಊರವರ ಹೆಪ್ಪು, ಹೆಂಡತಿಯ ದನಿ

ನಿರಂಜನ ಹೊಂಬಳನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಯಾವನೋ ಒಬ್ಬ ಗಂಡಸಿನ ಮೇಲಲ್ಲ. ಒಂದು ಬಸ್ಸಿನ ತುಂಬ ಇದ್ದ ಮಂದಿಯ ಮೇಲೆ. ಒಬ್ಬಿಬ್ಬರಾದರೆ ಹುಡುಕಿಕೊಂಡು ಹೋಗಿ ಜಗಳವಾಡಬಹುದು. ಹುಬ್ಬಳ್ಳಿ–ಗದಗ ಮಾರ್ಗದಲ್ಲಿ ವರ್ಷಾನುಗಟ್ಟಲೆ ಹತ್ತಿ ಇಳಿದವರೆಲ್ಲರ ಮೇಲೂ ಕಿಚ್ಚು ಬಂದರೆ ಮನುಷ್ಯ ಯಾರ ಮನೆ ಬಾಗಿಲು ಬಡಿಯಬೇಕು?

ಅವನ ಹೆಂಡತಿ ದಾಕ್ಷಾಯಿಣಿ ಆ ಮಾರ್ಗದಲ್ಲಿ ಬಸ್ ಕಂಡಕ್ಟರ್ ಆಗಿದ್ದಳು. ಸಣ್ಣ ಮೈಕಟ್ಟು, ದೊಡ್ಡ ದನಿ. ಅಣ್ಣಿಗೇರಿಯಲ್ಲಿ ಇಳಿಯುವವರನ್ನು ಎಬ್ಬಿಸಲು ಅವಳು ಒದರಿದರೆ ನಲವಡಿಯಲ್ಲಿ ಇಳಿಯುವವರೂ ಎದ್ದು ಚೀಲ ಹುಡುಕುತ್ತಿದ್ದರು. ನಿರಂಜನನೂ ಅದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದ. ಬೈಸಿಕೊಂಡ, ಮೆಚ್ಚಿದ, ಮದುವೆಯಾದ. ಎಲ್ಲ ನೆಟ್ಟಗಿದ್ದಾಗ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಜೀವ ಉಳಿಸಿದರು, ಧ್ವನಿಪೆಟ್ಟಿಗೆ ತೆಗೆದುಹಾಕಿದರು.

ಆ ಕಾಲದಲ್ಲಿ ಯಾರೇ ಕಂಪ್ಯೂಟರ್ ಕೊಂಡರೂ ಒಳಗೆ ‘ಸುವಾಣಿ’ ಇದ್ದೇ ಇರುತ್ತಿತ್ತು. ಯಂತ್ರ ಎಚ್ಚರವಾದ ಕ್ಷಣದಿಂದ ಮಲಗುವ ತನಕ ಒಳಗಿನ ಸಂಸಾರವನ್ನೆಲ್ಲ ನಡೆಸುವ ಆಪರೇಟಿಂಗ್ ಸಿಸ್ಟಮ್ ಅದು. ಅದು ಹೇಗೆ ನಡೆಸುತ್ತದೆಂದು ಕೊಂಡವರು ಇಣುಕಿ ನೋಡುವಂತಿಲ್ಲ, ಬೇಡವಾದದ್ದನ್ನು ಬದಲಿಸುವಂತಿಲ್ಲ. ಯಂತ್ರಕ್ಕೆ ಪೂರ್ತಿ ಬೆಲೆ ತೆತ್ತ ಮೇಲೂ ಅದರಲ್ಲಿ ನೀವು ಬಾಡಿಗೆದಾರರೇ. ಅದು ಕನ್ನಡದಲ್ಲಿ ಮಾತೂ ಆಡುತ್ತಿತ್ತು. ಆ ದನಿಯನ್ನು ಕಟ್ಟಿದವನು ಸುವಾಣಿ ಕಂಪನಿಯ ಎಂಜಿನಿಯರ್, ನಮ್ಮ ನಿರಂಜನ.

ಹೆಂಡತಿಗಾಗಿ ಅವನು ಕತ್ತಿನ ಪಟ್ಟಿಯೊಂದನ್ನು ಮಾಡಿಕೊಟ್ಟ. ದನಿ ಹೋದರೂ, ಮಾತಾಡಲು ಹೊರಟಾಗ ಗಂಟಲಿನ ಮತ್ತು ನಾಲಿಗೆಯ ಸ್ನಾಯುಗಳು ಮಿಡಿಯುತ್ತವೆ. ಪಟ್ಟಿ ಆ ಮಿಡಿತವನ್ನು ಮನೆಯ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರ್ ಇದು ಇಂಥ ಮಾತು ಎಂದು ಊಹಿಸಿ, ಪಟ್ಟಿಗೆ ಅಂಟಿಸಿದ ಪುಟ್ಟ ಸ್ಪೀಕರಿನಿಂದ ಅದನ್ನು ನುಡಿಯುತ್ತದೆ. ಒಳ್ಳೆಯ ಕೆಲಸವೇ. ಆದರೆ ಸುವಾಣಿಗೆ ಸೌಜನ್ಯದ ಹುಚ್ಚು. ಒಂದು ಬೆಳಿಗ್ಗೆ ದಾಕ್ಷಾಯಿಣಿ ಹಾಲಿನವನಿಗೆ, ‘ಏನೋ ಯಪ್ಪಾ, ಹಾಲಿಗೆ ನೀರ ಹಾಕೀಯೋ, ನೀರಿಗೆ ಹಾಲ ಹಾಕೀಯೋ?’ ಎಂದು ಬಾಯಾಡಿಸಿದಳು. ಕತ್ತಿನ ಪಟ್ಟಿ ಜೇನಿನಂಥ ದನಿಯಲ್ಲಿ, “ಹಾಲಿನ ಗುಣಮಟ್ಟದ ಬಗ್ಗೆ ಸ್ವಲ್ಪ ಗಮನ ಹರಿಸಿರಿ. ತಮ್ಮ ಸಹಕಾರಕ್ಕೆ ಧನ್ಯವಾದಗಳು” ಎಂದಿತು. ಹಾಲಿನವನು ಸಂತೋಷಗೊಂಡು ಮರುದಿನ ಇನ್ನಷ್ಟು ನೀರು ಹಾಕಿದ.

ದಾಕ್ಷಾಯಿಣಿ ಮಾತು ಕಡಿಮೆ ಮಾಡಿದಳು. ಆಮೇಲೆ ಬೇಕಾದಷ್ಟಕ್ಕೇ ಇಳಿಸಿದಳು. ನಿರಂಜನ ಗೆಳೆಯರ ಮುಂದೆ, “ಆಪರೇಷನ್ ಆದ ಮ್ಯಾಲೆ ಅಕಿ ಭಾಳ ಶಾಂತ ಆಗ್ಯಾಳ” ಎಂದು ಹೇಳಿಕೊಳ್ಳುತ್ತಿದ್ದ. ಗಂಡಂದಿರಿಗೆ ಇಂಥ ಶಾಂತಿ ಬೇಗ ಅಭ್ಯಾಸವಾಗುತ್ತದೆ.

ಅವರ ಓಣಿಯ ತುದಿಯಲ್ಲಿ ನೀಲಗಂಗಾ ಸವದತ್ತಿಯ ಕಂಪ್ಯೂಟರ್ ಅಂಗಡಿ ಇತ್ತು. ಅವಳೂ ಹಿಂದೆ ಸುವಾಣಿಯಲ್ಲಿ ನಿರಂಜನನ ಪಕ್ಕದ ಕುರ್ಚಿಯಲ್ಲಿ ಕೂತವಳು. ಅವನು ವಾರಗಟ್ಟಲೆ ತಿಣುಕಿದ ತೊಡಕನ್ನು ಚಹಾ ಕುಡಿಯುತ್ತ ಬಿಡಿಸಿ, ಮೇಲಿಂದ “ಇಷ್ಟೇ ಏನು?” ಎನ್ನುತ್ತಿದ್ದಳು. ಆ ಎರಡು ಶಬ್ದವನ್ನು ಅವನು ಈವರೆಗೂ ಕ್ಷಮಿಸಿರಲಿಲ್ಲ. ಕೊಂಡ ಯಂತ್ರದ ಒಳಗನ್ನು ಕೊಂಡವರಿಗೇ ತೋರಿಸುವುದಿಲ್ಲ ಎಂದರೆ ಹೇಗೆ ಎಂದು ಜಗಳ ತೆಗೆದು ಅವಳು ಕೆಲಸ ಬಿಟ್ಟಿದ್ದಳು. ಈಗ ಊರೂರಿನ ಎಂಜಿನಿಯರುಗಳು ಕೂಡಿ ಕಟ್ಟಿದ ಮುಕ್ತ ವ್ಯವಸ್ಥೆಯೊಂದನ್ನು ಮಂದಿಯ ಯಂತ್ರಗಳಿಗೆ ಹಾಕಿಕೊಡುತ್ತಿದ್ದಳು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು.

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಮಂದಿ ನಾವು. ಆದರೆ ಕಂಪ್ಯೂಟರಿನ ವಿಷಯಕ್ಕೆ ಬಂದರೆ ಅದೇ ಪುಕ್ಕಟೆಗೆ ಹೆದರುತ್ತೇವೆ. ಟೇಲರ್ ಹುಸೇನಸಾಬ ಅಂಗಡಿಯ ಮೆಟ್ಟಿಲ ಮೇಲೇ ನಿಂತು ಕೇಳಿದ್ದ. “ರೊಕ್ಕ ಬ್ಯಾಡ ಅಂತೀರಿ ಅಂದ್ರ ಒಳಗೇನೋ ಮಸಲತ್ತು ಇರಬೇಕಲ್ರೀ ಅಕ್ಕಾರ?”

“ಬಾಜೂ ಮನಿಯಿಂದ ಹೆಪ್ಪು ತರ್ತೀರಲ್ಲ, ಅದರಾಗೇನು ಮಸಲತ್ತು ಇರ್ತೈತಿ?” ಎಂದು ನೀಲಗಂಗಾ ತಿರುಗಿ ಕೇಳಿದಳು. “ಒಂದ ಚಮಚ ಕೊಟ್ರ ಅವರ ಮೊಸರು ಕಡಿಮಿ ಆಗಂಗಿಲ್ಲ, ನಿಮ್ಮ ಗಡಿಗಿ ತುಂಬ್ತೈತಿ. ನಾಳೆ ನೀವು ಮತ್ತೊಬ್ಬರಿಗೆ ಕೊಡ್ತೀರಿ. ಇದೂ ಅಷ್ಟ. ಹೆಪ್ಪು ಅನಕೋರಿ.”

ಅಂದಿನಿಂದ ಅದರ ಹೆಸರು ಹೆಪ್ಪು ಎಂದೇ ಆಯಿತು. ಹೆಸರಿನಿಂದಲೇ ಅದು ಓಣಿಯ ಅಡಿಗೆಮನೆಗಳಿಗೆ ನುಗ್ಗಿತು. ಅದರ ಇನ್ನೊಂದು ಗುಣವೂ ಹೆಂಗಸರಿಗೆ ಹಿಡಿಸಿತು. ಒಂದು ಮನೆಯ ಕಂಪ್ಯೂಟರ್ ಸುಮ್ಮನಿದ್ದಾಗ ತನ್ನ ಶಕ್ತಿಯನ್ನು ಪಕ್ಕದ ಮನೆಯ ಭಾರದ ಕೆಲಸಕ್ಕೆ ಎರವಲು ಕೊಡಬಲ್ಲದು. ಪರದೆಯ ಮೂಲೆಯಲ್ಲಿ ಒಂದು ಗುಂಡಿ. ಒತ್ತಿದರೆ ಕೊಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲಿಸುತ್ತದೆ.

ದಾಕ್ಷಾಯಿಣಿ ಒಂದು ದಿನ ತನ್ನ ಹಳೆಯ ಕಂಪ್ಯೂಟರನ್ನು ಕಂಕುಳಲ್ಲಿ ಇರುಕಿಕೊಂಡು ಆ ಅಂಗಡಿಗೆ ಹೋದಳು. ಪಾಟಿಯ ಮೇಲೆ ಬರೆದು ತೋರಿಸಿದಳು: ‘ನನ್ನ ದನಿ ನನಗ ಬೇಕು.’ ಹಳೆಯ ದನಿಯ ಒಂದು ತುಣುಕಾದರೂ ಇದ್ದರೆ ಹೆಪ್ಪಿನೊಳಗೆ ಅದನ್ನು ಬೆಳೆಸಬಹುದು ಎಂದು ನೀಲಗಂಗಾ ಹೇಳಿದಳು. ಮನೆಯಲ್ಲಿ ತುಣುಕು ಇರಲಿಲ್ಲ. ಬಸ್ಸಿನಲ್ಲಿ ಇತ್ತು.

ಕಾಲೇಜು ಹುಡುಗರು ಕಿಟಕಿಯಾಚೆಯ ಸೂರ್ಯಕಾಂತಿ ಹೊಲ ತೋರಿಸಲು ತೆಗೆದ ವಿಡಿಯೋದಲ್ಲಿ ಹಿಂದಿನಿಂದ ಅವಳ ದನಿ ಬರುತ್ತಿತ್ತು: “ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಸರೀರಿ!” ದಿಬ್ಬಣದವರು ತೆಗೆದದ್ದರಲ್ಲಿ ಮದುಮಗನ ಅಪ್ಪನಿಗೆ ಚಿಲ್ಲರೆ ಕೇಳಿ ಗದರುತ್ತಿದ್ದಳು. ಯಾರದೋ ಕೂಸು ಅತ್ತ ವಿಡಿಯೋದಲ್ಲಿ ಅದಕ್ಕೆ ಲಾಲಿ ಹೇಳುತ್ತಿದ್ದಳು. ಸುದ್ದಿ ಹರಡಿದಂತೆ ಮಂದಿ ಹುಡುಕಿ ಹುಡುಕಿ ಕಳಿಸಿದರು. ಊರೂರಲ್ಲಿ ಚೆಲ್ಲಿದ್ದ ದನಿಯನ್ನು ನೀಲಗಂಗಾ ಹನಿಹನಿಯಾಗಿ ಕೂಡಿಸಿದಳು. ಸೌಜನ್ಯದ ಪದರವನ್ನು ಕಿತ್ತೊಗೆದಳು. ಹೀಗೆ ಕಟ್ಟಿದ ದನಿಯನ್ನು ಮಾತಿನ ಜೊತೆಜೊತೆಗೇ ಹೊಮ್ಮಿಸಲು ಹಳೆಯ ಯಂತ್ರವೊಂದಕ್ಕೆ ಕಸುವು ಸಾಲದು. ಓಣಿಯ ಮನೆಗಳೆಲ್ಲ ತಂತಮ್ಮ ಯಂತ್ರದ ಎರವಲು ಕೊಟ್ಟವು.

ನಿರಂಜನನಿಗೆ ಇದಾವುದೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಾದದ್ದು ಸುವಾಣಿಯ ನಿಯಂತ್ರಣ ಕೊಠಡಿಯಲ್ಲಿ. ಗೋಡೆಯಗಲದ ಪರದೆಯ ಮೇಲೆ ಹುಬ್ಬಳ್ಳಿಯ ನಕಾಶೆ. ಸುವಾಣಿ ಇರುವ ಯಂತ್ರಕ್ಕೆಲ್ಲ ಒಂದೊಂದು ನೀಲಿ ಚುಕ್ಕೆ. ಒಂದು ಓಣಿಯಲ್ಲಿ ಚುಕ್ಕೆಗಳು ಆರುತ್ತಿದ್ದವು. ಅವನು ದೊಡ್ಡದು ಮಾಡಿ ನೋಡಿದ. ತನ್ನದೇ ಓಣಿ. ಆರಿದ ಚುಕ್ಕೆಗಳಲ್ಲಿ ಒಂದು ತನ್ನದೇ ಮನೆಯಲ್ಲಿದ್ದ ಹೆಂಡತಿಯ ಯಂತ್ರದ್ದು.

“ಇದು ಸಾಂಕ್ರಾಮಿಕ ರೋಗ ಇದ್ದಹಾಗೆ,” ಎಂದರು ಬೆಂಗಳೂರಿನಿಂದ ಬಂದಿದ್ದ ಮೇಲಧಿಕಾರಿ ಪ್ರಭಾಮಣಿ. “ಬೀಗ ಹಾಕೋಣ. ಸೋಮವಾರ ಬೆಳಿಗ್ಗೆ ಆದೇಶ ಕಳಿಸಿಬಿಡಿ.”

ಮಾರಾಟವಾಗುವ ಪ್ರತಿ ಯಂತ್ರದ ತಳದಲ್ಲೂ ಸುವಾಣಿಯ ಒಂದು ಚಿಪ್ ಇರುತ್ತಿತ್ತು. ಈವರೆಗೆ ಅದು ಮಲಗಿತ್ತು. ಆದೇಶ ಹೋದರೆ ಅದು ಎದ್ದು, ಸುವಾಣಿಯನ್ನು ಬಿಟ್ಟು ಬೇರೆ ಯಾವ ವ್ಯವಸ್ಥೆಗೂ ಯಂತ್ರದಲ್ಲಿ ಜಾಗ ಕೊಡುವುದಿಲ್ಲ. ಆ ಚಿಪ್ಪನ್ನು ರೂಪಿಸಿದವನೂ ನಿರಂಜನನೇ.

ತಲೆನೋವೆಂದು ಹೇಳಿ ಅವನು ಮಧ್ಯಾಹ್ನವೇ ಮನೆಗೆ ಹೊರಟ. ಓಣಿಯ ತಿರುವಿನಲ್ಲಿ ಅವನ ಕಾಲು ನಿಂತಿತು.

“ಏ ತಮ್ಮಾ, ಈ ಬದನಿಕಾಯಿ ಹಿಂಗ ಮೆತ್ತಗ ಆಗ್ಯಾವಲ್ಲೋ! ಇವನ್ನ ಪಲ್ಯಾ ಮಾಡ್ಲ್ಯೋ, ತೊಟ್ಟಲದಾಗ ಹಾಕಿ ತೂಗಲ್ಯೋ?”

ಅದೇ ದನಿ. ಕೊನೆಯಲ್ಲಿ ಒಂದಿಷ್ಟು ಒಡೆದು ಮೇಲೇರುವ ಆ ಎಳೆತವೂ ಇತ್ತು. ಖುಷಿಯೇ ಮೊದಲು ಬಂತು, ಸುಳ್ಳು ಹೇಳಬಾರದು. ಅವನಿಗೆ ಅಳುವೇ ಬಂತು. ಅದರ ಬೆನ್ನಿಗೇ ಕಟ್ಟೆಯ ಮೇಲೆ ಕೂತ ಹೆಂಗಸರ ನಗು ಕೇಳಿಸಿತು. ಇವರೆಲ್ಲ ಎಷ್ಟು ದಿನದಿಂದ ಕೇಳುತ್ತಿದ್ದಾರೆ ಎಂಬ ಯೋಚನೆ ಬಂತು, ಹೊಟ್ಟೆಯೊಳಗೆ ಬೆಂಕಿ ಬಿತ್ತು.

ಎದುರು ಮನೆಯ ಗಂಗವ್ವ ಸಂಭ್ರಮದಿಂದ ಅವನಿಗೆ ಎಲ್ಲವನ್ನೂ ವಿವರಿಸಿದಳು. “ಗದಗಿನ ಹುಡುಗೂರು ಕೊಟ್ಟಾರ, ಅಣ್ಣಿಗೇರಿ ಮಾಸ್ತರು ಕೊಟ್ಟಾರ, ನನ್ನ ಅಳಿಯಾನೂ ಕೊಟ್ಟಾನ. ನಿನ್ನ ಫೋನಿನ್ಯಾಗಿಂದು ಎಷ್ಟ ಸಿಕ್ಕಿತೋ ತಮ್ಮಾ? ಗಂಡನ ಕಡೆ ಭಾಳ ಇರಬೇಕು.”

ನಿರಂಜನ ಒಳಗೆ ಹೋಗಿ ಫೋನು ತಡಕಿದ. ಹೆಂಡತಿಯ ಫೋಟೋ ಬೇಕಾದಷ್ಟಿದ್ದವು: ಕಾರವಾರದ ಕಡಲಿನ ಮುಂದೆ, ಹೊಸ ಸೀರೆಯಲ್ಲಿ, ದವಾಖಾನೆಗೆ ಹೋಗುವ ಹಿಂದಿನ ದಿನ. ವಿಡಿಯೋ ಇದ್ದದ್ದು ಒಂದೇ. ಅದರಲ್ಲಿ ಮೊದಲಿನಿಂದ ಕೊನೆತನಕ ಅವನೇ ಮಾತಾಡುತ್ತಿದ್ದ, ಅವಳು ತಲೆ ಅಲ್ಲಾಡಿಸುತ್ತಿದ್ದಳು. ಹೆಸರೂ ಗೊತ್ತಿಲ್ಲದ ಪ್ರಯಾಣಿಕರ ಹತ್ತಿರ ಅವಳ ಲಾಲಿ ಇತ್ತು. ಗಂಡನ ಹತ್ತಿರ ಒಂದು ‘ಹೂಂ’ ಕೂಡ ಇರಲಿಲ್ಲ.

ಸಂಜೆಗೆ ಅವಳು ಒಳಗೆ ಬಂದಳು. ಗಂಡ ಎಲ್ಲ ಕೇಳಿಸಿಕೊಂಡಿದ್ದಾನೆ ಎಂದು ಮುಖ ನೋಡಿಯೇ ತಿಳಿಯಿತು. ಕಣ್ಣರಳಿಸಿ, ಪಟ್ಟಿ ಸರಿಮಾಡಿಕೊಂಡು ಬಾಯಾಡಿಸಿದಳು. “ನಿರಂ—” ಎಂದು ಒಂದು ಚೂರು ಬಂದು ದನಿ ಕಡಿದುಹೋಯಿತು. ಮತ್ತೆ ಬಾಯಾಡಿಸಿದಳು. ಏನೂ ಬರಲಿಲ್ಲ. ಪಾಟಿ ತೆಗೆದು ಬರೆದಳು: ‘ದನಿಯಿಂದನ ಹೇಳಬೇಕಂತ ಕಾದಿದ್ದೆ. ಹಗಲು ಬರ್ತೈತಿ. ಸಂಜಿ ಆದ್ರ ಬರವಲ್ದು.’

“ಮಂದೀಗೆ ಬರೂ ದನಿ ಗಂಡಗ ಬರವಲ್ದು, ಹೌದಿಲ್ಲೋ?” ಎಂದ ನಿರಂಜನ.

ಅವಳು ಪಾಟಿಯನ್ನು ನೆಲಕ್ಕೆ ಕುಕ್ಕಿ ಎದ್ದು ಹೋದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಬೆಳಿಗ್ಗೆ ದನಿ ಬರುವ ಮೊದಲೇ ಅವನು ಕೆಲಸಕ್ಕೆ ಹೊರಟಿರುತ್ತಿದ್ದ. ಅವನು ಕೆಲಸದಿಂದ ಬರುವ ಹೊತ್ತಿಗೂ ಅವಳ ದನಿ ಹೋಗುವ ಹೊತ್ತಿಗೂ ಯಾರೋ ತಾಳೆ ಹಾಕಿ ಹೊಂದಿಸಿದಂತಿತ್ತು. ಯಾರು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಶನಿವಾರ ಅವನು ಸೀದಾ ನೀಲಗಂಗಾಳ ಅಂಗಡಿಗೆ ನುಗ್ಗಿದ.

“ನನ್ನ ಮ್ಯಾಲಿನ ಸಿಟ್ಟು ನನ್ನ ಹೆಂಡ್ತಿ ದನಿ ಮ್ಯಾಲೆ ತೀರಿಸ್ಕೋತಿ? ನಾ ಬರೂ ಹೊತ್ತಿಗೆ ಬಂದ್ ಮಾಡ್ತಿ?”

“ನಾನಽ?” ನೀಲಗಂಗಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. “ದಿನಾ ಸಂಜಿಗೆ ಓಣಿಯ ಜಾಲ ಕುಸೀತೈತಿ. ನಿಮ್ಮ ನಿಯಂತ್ರಣ ಕೊಠಡಿಯಿಂದ ನೀನ ಕತ್ತರಿ ಹಾಕಾಕತ್ತೀಯಂತ ನಾ ತಿಳಕೊಂಡೀನಿ. ತಲಿ ಕೆಟ್ಟು ಹೋಗೇತಿ ನನಗ, ಯಾಕಂತ ತಿಳೀವಲ್ದು.”

ನೀಲಗಂಗಾಳಿಗೂ ತಿಳಿಯದ್ದು ಒಂದಿದೆ ಎಂದು ಕೇಳಿ ಅವನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅವಳ ಮಾತನ್ನು ನಂಬಲಿಲ್ಲ. ಸೋಮವಾರದ ಬೀಗದ ಬಗ್ಗೆ ತುಟಿ ಬಿಚ್ಚಲಿಲ್ಲ. ಬೀಗ ಬಿದ್ದರೆ ದಾಕ್ಷಾಯಿಣಿಯ ದನಿ ಓಣಿಗೂ ಇಲ್ಲ, ಬಸ್ಸಿನವರಿಗೂ ಇಲ್ಲ, ಯಾರಿಗೂ ಇಲ್ಲ. ಅವಳು ಮತ್ತೆ ತಾನು ಕಟ್ಟಿದ ದನಿಯಲ್ಲೇ ಮಾತಾಡಬೇಕು. ಇದನ್ನು ಯೋಚಿಸಿ ಅವನಿಗೆ ನೆಮ್ಮದಿಯಾಯಿತು ಎಂದರೆ ನೀವು ಅವನನ್ನು ಬೈಯಬಹುದು, ಬೈಯಿರಿ. ಹೊಟ್ಟೆಕಿಚ್ಚಿಗೆ ತನ್ನ ಮನೆ, ಪರರ ಮನೆ ಎಂಬ ಭೇದವಿಲ್ಲ.

ಆ ಸಂಜೆ, ಕಳ್ಳತನ ಹಿಡಿದೇ ತೀರುತ್ತೇನೆಂದು ಅವನು ತನ್ನ ಮನೆಯ ಕಟ್ಟೆಯ ಮೇಲೆ ಕೂತ. ಹೊತ್ತು ಮುಳುಗಿತು. ಎದುರು ಮನೆಯಲ್ಲಿ ಗಂಗವ್ವ ಅಂಗಳಕ್ಕೆ ನೀರು ಚಿಮುಕಿಸಿ, ಒಳಗೆ ದೇವರ ಮುಂದೆ ದೀಪ ಹಚ್ಚಿ ಕೈಮುಗಿದಳು. ಹಾಗೇ ಪಕ್ಕಕ್ಕೆ ಸರಿದು ಕಂಪ್ಯೂಟರಿನ ಪರದೆಯ ಮೂಲೆಗೆ ಬೆರಳು ಒತ್ತಿದಳು. ಆಚೆ ಮನೆಯಲ್ಲೂ ದೀಪ ಹತ್ತಿತು, ಆಚೆ ಮನೆಯವಳೂ ಬೆರಳು ಒತ್ತಿದಳು. ಮುಂದಿನ ಮನೆಯಲ್ಲೂ ಅಷ್ಟೇ. ಕಟ್ಟೆಯ ಆ ತುದಿಯಲ್ಲಿ ಓಣಿಯ ಗೆಳತಿ ಗುರುಪಾದವ್ವನ ಜೊತೆ ಹರಟುತ್ತಿದ್ದ ದಾಕ್ಷಾಯಿಣಿಯ ಮಾತು ತಡವರಿಸಿತು, ಬಿಕ್ಕಿತು, ನಿಂತಿತು.

ನಿರಂಜನ ಗಂಗವ್ವನ ಹೊಸ್ತಿಲಿಗೆ ಓಡಿದ. “ಅದನ್ಯಾಕ ಒತ್ತಿದ್ರಿ?”

“ದೀಪಾ ಹಚ್ಚಿದೆನಲ್ಲೋ ತಮ್ಮಾ,” ಎಂದಳು ಗಂಗವ್ವ, ಇದನ್ನೂ ಕೇಳುತ್ತಾರೆಯೇ ಎಂಬಂತೆ. “ದೀಪಾ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದು. ಮನ್ಯಾಗಿನ ಲಕ್ಷ್ಮಿ ಹೊಂಟ್ಹೋಗ್ತಾಳ. ಹಗಲು ಎಷ್ಟ ಬೇಕಾದ್ರೂ ತಗೋ.”

ಅವನಿಗೆ ನಗು ಬಂತು. ನಗುತ್ತಿದ್ದಂತೆ ನಾಚಿಕೆಯಾಯಿತು. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯಾಗಲಿ ನೀಲಗಂಗಾಳ ಚುರುಕು ತಲೆಯಾಗಲಿ ಹಿಡಿಯಲಾಗದ ಶತ್ರು ಇದೇ ಆಗಿತ್ತು. ಹೆಂಡತಿ ದನಿಯನ್ನು ಅವನಿಂದ ಬಚ್ಚಿಟ್ಟಿರಲಿಲ್ಲ. ಬರಿಯ ಸಂಜೆ ಆಗುತ್ತಿತ್ತು, ಅಷ್ಟೇ.

“ಅಲ್ರೀ, ಅಕಿಗೆ ಸಂಜೀಕೂ ಮಾತಾಡಬೇಕಲ್ಲ?” ಎಂದ.

“ಮಾತಾಡ್ಲಿ. ನಿಮ್ಮ ಮನೀ ಹೆಪ್ಪು ನಿಮ್ಮ ಮನಿಗೆ ಯಾವಾಗ ಬೇಕಾದ್ರೂ ಆಗತೈತಿ, ಅದಕ್ಕ ದೋಷಿಲ್ಲ.” ಗಂಗವ್ವ ಸೆರಗಿಗೆ ಕೈ ಒರೆಸಿಕೊಂಡಳು. “ನಿಮ್ಮನ್ಯಾಗ ದೊಡ್ಡ ಕಂಪ್ಯೂಟರ್ ಐತಂತಲ್ಲ. ಅದರಾಗ ಹೆಪ್ಪು ಹಾಕಿಲ್ಲೇನು?”

ಅವನ ಕೋಣೆಯಲ್ಲಿ ಒಂದು ದೊಡ್ಡ ಯಂತ್ರವಿತ್ತು. ಸುವಾಣಿಯವರೇ ಕೊಟ್ಟದ್ದು. ಓಣಿಯ ಎಲ್ಲ ಯಂತ್ರಗಳ ಭಾರವನ್ನು ಒಂದೇ ಹೊರಬಲ್ಲದು. ದಾಕ್ಷಾಯಿಣಿಗೆ ಅದನ್ನು ಮುಟ್ಟಲು ಕೂಡ ಅವನು ಬಿಟ್ಟಿರಲಿಲ್ಲ. ಬೇರೆ ವ್ಯವಸ್ಥೆ ಹಾಕಿದ ಕ್ಷಣವೇ ನಕಾಶೆಯಲ್ಲಿ ಅದರ ಚುಕ್ಕೆ ಆರುತ್ತದೆ, ಆ ಚುಕ್ಕೆಯ ಪಕ್ಕದಲ್ಲಿ ಅವನ ಹೆಸರೇ ಬರೆದಿದೆ. ಯಂತ್ರದ ಜೊತೆ ಕೆಲಸವೂ ಹೋಗುತ್ತದೆ. ಓಣಿಯವರೆಲ್ಲ ಕೊಟ್ಟಿದ್ದರು, ಬಸ್ಸಿನವರೆಲ್ಲ ಕೊಟ್ಟಿದ್ದರು, ಕೊಡದೆ ಉಳಿದವನು ತಾನೊಬ್ಬನೇ ಎಂದು ಅವನಿಗೆ ಅರ್ಥವಾಯಿತು.

ಭಾನುವಾರ ಬೆಳಿಗ್ಗೆ ಅವನು ದೊಡ್ಡ ಯಂತ್ರವನ್ನು ಹೊತ್ತುಕೊಂಡು ಅಂಗಡಿಗೆ ಹೋದ. ಮೂರು ಜನ ಗಿರಾಕಿಗಳ ಹಿಂದೆ ಪಾಳಿಗೆ ನಿಂತ. ಹೊಸ ಕಂಪ್ಯೂಟರ್ ಕೊಂಡ ಬ್ಯಾಂಕಿನ ಗುಮಾಸ್ತನೊಬ್ಬ ನೀಲಗಂಗಾಳನ್ನು ಕೇಳುತ್ತಿದ್ದ. “ಇದು ನನ್ನಂಥ ಸಾದಾ ಮಂದಿಗೆ ತಿಳೀತೈತೇನ್ರೀ?”

ನಿರಂಜನನಿಗೆ ತಡೆಯಲಾಗಲಿಲ್ಲ. “ಸಾದಾ ಮಂದೀಗೇ ಬೇಕ್ರೀ ಇದು,” ಎಂದ. “ನಿಮಗ ತಿಳೀದಿದ್ರ ಬಾಜೂದವರಿಗೆ ತಿಳೀತೈತಿ, ಅವರು ಬಿಚ್ಚಿ ನೋಡ್ತಾರ. ನಂದರಾಗ ಏನ ಕೆಟ್ರೂ ನಾನಽ ನೋಡಬೇಕು. ನಾ ನೋಡಲಿಲ್ಲ.”

ಗುಮಾಸ್ತನಿಗೆ ಅರ್ಥವಾಗಲಿಲ್ಲ. ನೀಲಗಂಗಾಳಿಗೆ ಆಯಿತು. ನಿರಂಜನ ಗಂಗವ್ವನ ದೀಪದ ಕಥೆ ಹೇಳಿದ. ಆಮೇಲೆ ಸೋಮವಾರದ ಬೀಗದ ಕಥೆ ಹೇಳಿದ. ಯಂತ್ರವನ್ನು ಮಗುಚಿ ಮುಚ್ಚಳ ತೆಗೆದು, ಚಿಪ್ಪಿನ ಪಕ್ಕದ ಎರಡು ಪುಟ್ಟ ಬಿಂದುಗಳನ್ನು ತೋರಿಸಿದ. ಅವೆರಡಕ್ಕೂ ಒಂದು ತಂತಿ ಬೆಸೆದರೆ, ಚಿಪ್ ತಾನಿನ್ನೂ ಕಾರ್ಖಾನೆಯಲ್ಲೇ ಇದ್ದೇನೆಂದು ತಿಳಿದು ಯಾರ ಆದೇಶಕ್ಕೂ ಏಳದೆ ಮಲಗಿಬಿಡುತ್ತದೆ. ಅದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು.

ನೀಲಗಂಗಾ ಬಗ್ಗಿ ಆ ಬಿಂದುಗಳನ್ನು ನೋಡಿದಳು. “ಈ ಚಿಪ್ಪಿನ ಕೆಲಸ ಯಾರದು ಅಂತ ಹುಡುಕಿ ಹುಡುಕಿ ಸಾಕಾಗಿತ್ತು ನನಗ. ಇಷ್ಟು ಚೊಕ್ಕ ಯಾವಾಂವ ಮಾಡ್ಯಾನಂತ ಹೊಟ್ಟಿ ಉರೀತಿತ್ತು,” ಎಂದಳು.

ನಿರಂಜನ ಆ ಮಾತನ್ನು ಬಾಯಿ ಚಪ್ಪರಿಸಿ ನುಂಗಿದ. ಇಬ್ಬರೂ ಕೂತು ಮೊದಲು ಅವನ ಯಂತ್ರವನ್ನು, ಆಮೇಲೆ ಓಣಿಯ ಯಂತ್ರಗಳನ್ನು ಒಂದೊಂದಾಗಿ ಬೆಸೆದರು. ಹುಸೇನಸಾಬ ಹೊಲಿಗೆ ಬಿಟ್ಟು ಬೇರೆ ಓಣಿಗಳಿಗೂ ಸುದ್ದಿ ಮುಟ್ಟಿಸಿ ಬಂದ. ಮಧ್ಯಾಹ್ನದ ಹೊತ್ತಿಗೆ ನಿರಂಜನನ ಫೋನು ಬಡಿದುಕೊಂಡಿತು. ಪ್ರಭಾಮಣಿ. “ನಿಮ್ಮ ಚುಕ್ಕೆ ಆರಿದೆಯಲ್ಲ ನಿರಂಜನ್, ಏನಾಯ್ತು?” ಎಂದು ಕೇಳಿದರು. “ಹೌದ್ರೀ, ನಾನಽ ಆರಿಸೇನಿ,” ಎಂದ. ಆಚೆಯವರು ಬಹಳ ಸೌಜನ್ಯದಿಂದ ಅವನನ್ನು ಕೆಲಸದಿಂದ ತೆಗೆದರು.

ಸಂಜೆಯಾಯಿತು. ಓಣಿಯಲ್ಲಿ ದೀಪಗಳು ಹತ್ತಿದವು. ಒಂದೊಂದೇ ಮನೆಯ ಹೆಪ್ಪು ನಿಂತಿತು. ನಿರಂಜನನ ಕೋಣೆಯಲ್ಲಿ ದೊಡ್ಡ ಯಂತ್ರದ ಪಂಖ ಜೋರಾಗಿ ತಿರುಗತೊಡಗಿತು. ದಾಕ್ಷಾಯಿಣಿ ಒಲೆ ಸಣ್ಣದು ಮಾಡಿ ಬಂದು ಅವನೆದುರು ನಿಂತಳು.

“ಕೇಳಸ್ತೈತೇನು?”

ಅವನು ತಲೆಯಾಡಿಸಿದ.

“ಹಂಗಾರ ಕೂಡು. ಎಲ್ಲೂ ಏಳಬ್ಯಾಡ.”

ಅವಳು ಶುರುಮಾಡಿದಳು. ತನ್ನ ಬಾಯೊಳಗಿನ ಮಾತಿಗೆ ಸಕ್ಕರೆ ಬಳಿಯಲು ಅವನು ಯಾವನು ಎಂದು ಕೇಳಿದಳು. ಜಗಳವಾಡಲು ಬಂದರೆ ಅವನ ಯಂತ್ರ ಶುಭೋದಯ ಹೇಳಿದ್ದನ್ನು, ಬೇಡ ಅಂದದ್ದನ್ನು ಆಗಲಿ ಎಂದದ್ದನ್ನು ಒಂದೊಂದಾಗಿ ತೆಗೆದು ಅವನ ಮುಂದೆ ಒಗೆದಳು. ಬಸ್ಸಿನಲ್ಲಿ ಯಾರನ್ನೂ ಅವಳು ಇಷ್ಟು ಬೈದಿರಲಿಲ್ಲ. ಬೈಯುತ್ತ ಬೈಯುತ್ತ ಅವಳ ದನಿ ತಗ್ಗಿತು.

“ದವಾಖಾನಿಯಿಂದ ಬಂದ ದಿವಸ ನೆನಪೈತೇನು? ನನಗ ಅಂಜಿಕಿ ಆಗತೈತಿ, ನನ್ನ ಬಾಜೂಕ ಕೂಡು ಅಂದೆ ನಾನು. ನಿನ್ನ ಪಟ್ಟಿ ಏನಂತು? ‘ನಾನು ಆರಾಮವಾಗಿದ್ದೇನೆ, ನೀವು ವಿಶ್ರಾಂತಿ ಪಡೆಯಿರಿ’ ಅಂತು. ನೀ ಎದ್ದು ಹೋಗಿ ಮಲಗಿದಿ. ನನ್ನ ಮುಖ ನೋಡಲಿಲ್ಲ, ಅದರ ಮಾತು ನಂಬಿದಿ.”

ಅಷ್ಟರಲ್ಲಿ ಹೊರಗೆ ಗುಸುಗುಸು ಕೇಳಿಸಿತು. ಗಂಗವ್ವ, ಗುರುಪಾದವ್ವ ಮತ್ತು ಇನ್ನಿಬ್ಬರು ಕೆಲಸ ಬಿಟ್ಟು ಕಿಟಕಿಯ ಹೊರಗೆ ನಿಂತಿದ್ದರು. ಯಾರೋ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ಎಳೆದು ಚಿಲಕ ಹಾಕಿದ.

“ಏಳಬ್ಯಾಡ ಅಂದಿದ್ದೆ. ಕಿಟಕಿ ಯಾಕ ಹಾಕಿದಿ?” ಎಂದು ಅವಳು ಗದರಿದಳು.

ಅವನು ಬಂದು ಅವಳ ಪಕ್ಕದಲ್ಲಿ ಕೂತ.

“ಈ ಬೈಗಳ ನಂದು,” ಎಂದ. “ಬೈ ಇನ್ನ.”